ಕಿಡ್ನಿಯ ಕೆಳಬಟ್ಟಲಿನ 17 ಮಿ.ಮೀ. ಕಲ್ಲು: ಅರ್ಧದಾರಿಯಲ್ಲಿ ಶಸ್ತ್ರಚಿಕಿತ್ಸೆ ಬದಲಾದ ಒಂದು ಪ್ರಕರಣ

ರೋಗಿ ರಾಯಚೂರು ಕಡೆಯ 46 ವರ್ಷದ ಲಾರಿ ಚಾಲಕ. ದೂರುಗಳು ಎರಡೇ: ಏಳೆಂಟು ತಿಂಗಳಿಂದ ಎಡ ಪಕ್ಕೆಯ ಹಿಂಭಾಗದಲ್ಲಿ ಮಂದ ನೋವು, ದೂರದ ಟ್ರಿಪ್ ಮುಗಿಸಿ ಬಂದ ದಿನ ಕೆಂಪು ಮೂತ್ರ. ಜ್ವರವಿಲ್ಲ, ವಾಂತಿಯಿಲ್ಲ. ದಾರಿಯಲ್ಲಿ ಪದೇ ಪದೇ ಗಾಡಿ ನಿಲ್ಲಿಸಬೇಕಾಗುತ್ತದೆಂದು ನೀರು ಕಡಿಮೆ ಕುಡಿಯುವುದು ವರ್ಷಗಳಿಂದ ಅಭ್ಯಾಸವಾಗಿಬಿಟ್ಟಿದೆ. ಬಿಸಿಲ ನಾಡಿನಲ್ಲಿ ಇಂಜಿನ್ ಪಕ್ಕ ಕೂತು ಬೆವರುವವರಿಗೆ ಇದು ಕಲ್ಲಿಗೆ ಕೊಡುವ ನೇರ ಆಹ್ವಾನ. (ಇದು ಯಾರೋ ಒಬ್ಬರ ಆಸ್ಪತ್ರೆ ದಾಖಲೆಯಲ್ಲ. ಮೂತ್ರರೋಗ ವಿಭಾಗದಲ್ಲಿ ಮತ್ತೆ ಮತ್ತೆ ಎದುರಾಗುವ ಸನ್ನಿವೇಶಗಳನ್ನು ಒಟ್ಟುಗೂಡಿಸಿ ಕಟ್ಟಿದ ಪ್ರಕರಣ.)

ಹಿಂದಿನ ಚರಿತ್ರೆಯೂ ಮುಖ್ಯ. 2009ರಲ್ಲಿ ಇದೇ ಎಡ ಕಿಡ್ನಿಯ ಕೆಳಬಟ್ಟಲಿನಲ್ಲಿ (ಕಿಡ್ನಿಯೊಳಗೆ ಮೂತ್ರ ಸೇರುವ ಬಟ್ಟಲಿನಂಥ ಜಾಗಗಳಲ್ಲಿ ಕೆಳಗಿನದು) 9 ಮಿ.ಮೀ. ಕಲ್ಲಿತ್ತು. ಹೊರಗಿನಿಂದ ಆಘಾತ ತರಂಗ ಹಾಯಿಸಿ ಕಲ್ಲು ಒಡೆಯುವ ಇಎಸ್‌ಡಬ್ಲ್ಯುಎಲ್ ಎರಡು ಸಲ ಆಯಿತು. ಕಲ್ಲು ಒಡೆಯಿತು, ನೋವು ಹೋಯಿತು. 3–4 ಮಿ.ಮೀ. ಚೂರುಗಳೆರಡು ಒಳಗೇ ಉಳಿದಿವೆ, ತೊಂದರೆಯಿಲ್ಲ ಎಂದು ವರದಿಯಲ್ಲಿ ಬರೆದಿತ್ತು. ಆ ಕಾಲಕ್ಕೆ, ಆ ಅಳತೆಗೆ ಅದು ಒಪ್ಪಬಹುದಾದ ಚಿಕಿತ್ಸೆಯೇ. ಆದರೆ ಕೆಳಬಟ್ಟಲಿನಲ್ಲಿ ಉಳಿದ ಚೂರು ಮೇಲೇರಿ ಹೊರಬೀಳುವುದು ಕಷ್ಟ. ಅಲ್ಲೇ ಕೂತು ಪದರದ ಮೇಲೆ ಪದರ ಕಟ್ಟಿಕೊಳ್ಳುತ್ತದೆ. ಇವರು ಮತ್ತೆ ಸ್ಕ್ಯಾನ್ ಮಾಡಿಸಲೇ ಇಲ್ಲ.

ತಪಾಸಣೆಯಲ್ಲಿ ಕಂಡದ್ದು

ಕಿಡ್ನಿಯ ಕೆಲಸವನ್ನು ಹೇಳುವ ಕ್ರಿಯೇಟಿನಿನ್ 1.1, ಹಿಮೋಗ್ಲೋಬಿನ್ 13.6. ಮೂತ್ರದಲ್ಲಿ ಕೀವಿನ ಕಣಗಳಿದ್ದವು, ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಇ. ಕೊಲೈ ಎಂಬ ರೋಗಾಣು ಬೆಳೆಯಿತು. ಆ ಸೋಂಕಿಗೆ ಹೊಂದುವ ಆಂಟಿಬಯಾಟಿಕ್ ಒಂದು ವಾರ ಕೊಟ್ಟು, ಕಲ್ಚರ್ ಮತ್ತೆ ಮಾಡಿಸಿ, ಸೋಂಕಿಲ್ಲವೆಂದು ಖಚಿತವಾದ ಮೇಲಷ್ಟೇ ದಿನಾಂಕ ಕೊಡಲಾಯಿತು. ಸೋಂಕಿರುವ ಮೂತ್ರವಿಟ್ಟುಕೊಂಡು ಕಿಡ್ನಿಯೊಳಗೆ ಒತ್ತಡದ ನೀರು ಹಾಯಿಸಿದರೆ ರೋಗಾಣುಗಳು ರಕ್ತಕ್ಕೆ ನುಗ್ಗುತ್ತವೆ. ಕಲ್ಲಿನ ಶಸ್ತ್ರಚಿಕಿತ್ಸೆಯಲ್ಲಿ ಪ್ರಾಣ ಹೋಗುವುದು ಬಹುಪಾಲು ಈ ದಾರಿಯಿಂದಲೇ.

ಅಲ್ಟ್ರಾಸೌಂಡ್ 15 ಮಿ.ಮೀ. ಎಂದಿತು. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಇಲ್ಲದ, ಕಡಿಮೆ ವಿಕಿರಣದ ಸಿಟಿಯಲ್ಲಿ ಕಲ್ಲಿನ ಅಳತೆ 17 × 13 ಮಿ.ಮೀ., ಸಾಂದ್ರತೆ 1,280 ಹೌನ್ಸ್‌ಫೀಲ್ಡ್ (ಸಿಟಿಯಲ್ಲಿ ಸಾಂದ್ರತೆಯ ಅಳತೆ, ಹೆಚ್ಚಿದ್ದರೆ ಕಲ್ಲು ಸಾಮಾನ್ಯವಾಗಿ ಗಟ್ಟಿ), ಚರ್ಮದಿಂದ ಕಲ್ಲಿಗೆ ದೂರ 11.5 ಸೆಂ.ಮೀ. ಬಲ ಕಿಡ್ನಿಯ ಮೇಲಿನ ಬಟ್ಟಲಲ್ಲಿ ಇನ್ನೊಂದು 4 ಮಿ.ಮೀ. ಕಲ್ಲು. ಶಸ್ತ್ರಚಿಕಿತ್ಸೆಯ ಆಯ್ಕೆ ನಿಜವಾಗಿ ನಿಂತದ್ದು ಕಾಂಟ್ರಾಸ್ಟ್ ಕೊಟ್ಟು ತೆಗೆದ ತಡವಾದ ಚಿತ್ರಗಳ ಮೇಲೆ. ಕೆಳಬಟ್ಟಲಿನ ಕತ್ತಿನ ಉದ್ದ 32 ಮಿ.ಮೀ., ಅಗಲ ಬರೀ 4 ಮಿ.ಮೀ., ಕಿಡ್ನಿಯ ಪೆಲ್ವಿಸ್ (ಬಟ್ಟಲುಗಳೆಲ್ಲ ಬಂದು ಸೇರುವ ನಡುಭಾಗ) ಜೊತೆ ಅದು ಮಾಡುವ ಕೋನ ಸುಮಾರು 35 ಡಿಗ್ರಿ. ಉದ್ದ, ಇಕ್ಕಟ್ಟು, ಕಡಿದಾದ ತಿರುವು, ಮೂರೂ ಒಂದೇ ಕಡೆ. ಅನೇಕ ಸಿಟಿ ವರದಿಗಳಲ್ಲಿ ಈ ಮೂರು ಅಳತೆಗಳು ಇರುವುದೇ ಇಲ್ಲ. ಕೆಳಬಟ್ಟಲಿನ ಕಲ್ಲಾದರೆ ಅವನ್ನು ಕೇಳಿ ಬರೆಸಿಕೊಳ್ಳಬೇಕು.

ಮೇಜಿನ ಮೇಲಿದ್ದ ಆಯ್ಕೆಗಳು

ಐವತ್ತು ವರ್ಷಗಳ ಹಿಂದೆ ಇಂಥ ಕಲ್ಲಿಗೆ ಇದ್ದದ್ದು ಪಕ್ಕೆಯಲ್ಲಿ ಗೇಣುದ್ದ ಕೊಯ್ದು ಕಿಡ್ನಿ ತೆರೆಯುವ ಒಂದೇ ದಾರಿ. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಜೋಹಾನ್ಸನ್ ಬೆನ್ನಿನಿಂದ ಕಿಡ್ನಿಗೆ ರಂಧ್ರ ಮಾಡಿ ಕಲ್ಲು ತೆಗೆದ ವಿಧಾನವನ್ನು ಪ್ರಕಟಿಸಿದರು. ಇಂದಿನ ಪಿಸಿಎನ್‌ಎಲ್ ಬೆಳೆದದ್ದು ಅದರಿಂದ. 1980ರ ಫೆಬ್ರುವರಿಯಲ್ಲಿ ಮ್ಯೂನಿಕ್‌ನಲ್ಲಿ ಕ್ರಿಸ್ಟಿಯಾನ್ ಶೌಸಿ ತಂಡ ಮೊದಲ ರೋಗಿಗೆ ಇಎಸ್‌ಡಬ್ಲ್ಯುಎಲ್ ಮಾಡಿತು. ಮುಂದಿನ ಇಪ್ಪತ್ತು ವರ್ಷ ಸಣ್ಣ, ಮಧ್ಯಮ ಕಲ್ಲುಗಳೆಲ್ಲ ಅದರ ಪಾಲಾದವು. ಆಮೇಲೆ ಬಾಗುವ ಸ್ಕೋಪ್, ಹೋಲ್ಮಿಯಂ ಲೇಸರ್ ಬಂದು ಮೂತ್ರದ ದಾರಿಯಿಂದಲೇ ಹತ್ತಿ ಹೋಗಿ ಕಲ್ಲು ಒಡೆಯುವ ಆರ್‌ಐಆರ್‌ಎಸ್ ಸಾಮಾನ್ಯವಾಯಿತು. ಪಿಸಿಎನ್‌ಎಲ್‌ನ ರಂಧ್ರವೂ ಕಿರಿದಾಗುತ್ತ ಹೋಯಿತು. ಗುಜರಾತಿನ ನಡಿಯಾಡ್‌ನ ತಂಡ 2011ರಲ್ಲಿ ಪ್ರಕಟಿಸಿದ ಮೈಕ್ರೋಪರ್ಕ್‌ನಲ್ಲಿ ದಾರಿಯ ಅಗಲ 4.85 ಫ್ರೆಂಚ್. 3 ಫ್ರೆಂಚ್ ಅಂದರೆ 1 ಮಿ.ಮೀ. ಎಂಬ ಲೆಕ್ಕದಲ್ಲಿ ಎರಡು ಮಿ.ಮೀ.ಗೂ ಕಡಿಮೆ.

ಈ ರೋಗಿಗೆ ಇಎಸ್‌ಡಬ್ಲ್ಯುಎಲ್ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. 1,000 ಹೌನ್ಸ್‌ಫೀಲ್ಡ್ ದಾಟಿದ ಕಲ್ಲು ಸುಲಭಕ್ಕೆ ಒಡೆಯುವುದಿಲ್ಲ, 10 ಸೆಂ.ಮೀ.ಗಿಂತ ಆಳಕ್ಕೆ ಹೋಗುವಷ್ಟರಲ್ಲಿ ತರಂಗದ ಬಲ ಕುಗ್ಗಿರುತ್ತದೆ. ಒಡೆದರೂ ಚೂರು ಬರಬೇಕಾದದ್ದು ಅದೇ 4 ಮಿ.ಮೀ. ಕತ್ತಿನಿಂದ, ಮೇಲ್ಮುಖವಾಗಿ. ಕೆಳಬಟ್ಟಲಿನ ಕಲ್ಲುಗಳ ಬಗ್ಗೆ ಉತ್ತರ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ಮಾಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ತಿಂಗಳಿಗೆ ಪೂರ್ತಿ ಕಲ್ಲುಮುಕ್ತರಾದವರು ಪಿಸಿಎನ್‌ಎಲ್ ಗುಂಪಿನಲ್ಲಿ 95%, ಇಎಸ್‌ಡಬ್ಲ್ಯುಎಲ್ ಗುಂಪಿನಲ್ಲಿ 37%.

ಔಷಧಿಯಲ್ಲಿ ಕರಗಿಸಬಹುದೇ ಎಂದು ಇವರೂ ಕೇಳಿದರು. ಬಾಳೆದಿಂಡಿನ ರಸ ತಿಂಗಳುಗಟ್ಟಲೆ ಕುಡಿದಿದ್ದರು. ಕರಗುವ ಜಾತಿ ಒಂದಿದೆ, ಯೂರಿಕ್ ಆಸಿಡ್ ಕಲ್ಲು. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಆಮ್ಲೀಯತೆ ತಗ್ಗಿಸಿದರೆ ಅದು ನಿಜಕ್ಕೂ ಕರಗುತ್ತದೆ. ಆದರೆ ಅದು ಸಿಟಿಯಲ್ಲಿ ಸಾಮಾನ್ಯವಾಗಿ 500ರ ಆಸುಪಾಸು ಅಥವಾ ಕೆಳಗೆ ಕಾಣುತ್ತದೆ. 1,280 ತೋರಿಸುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವ ಔಷಧಿ, ಕಷಾಯ, ರಸ ಯಾವುದೂ ಇಲ್ಲ. ಇದನ್ನು ರೋಗಿಗೆ ಅಳುಕಿಲ್ಲದೆ ಹೇಳಬೇಕು. ಕರಗುತ್ತದೆಂದು ಕಾಯುತ್ತ ಕೂತು ಕಿಡ್ನಿ ಕಳೆದುಕೊಂಡವರಿದ್ದಾರೆ.

ಉಳಿದದ್ದು ಆರ್‌ಐಆರ್‌ಎಸ್ ಮತ್ತು ಕಿರಿದಾದ ರಂಧ್ರದ ಮಿನಿ ಪಿಸಿಎನ್‌ಎಲ್. 20 ಮಿ.ಮೀ. ದಾಟಿದರೆ ಪಿಸಿಎನ್‌ಎಲ್ ಮೊದಲ ಆಯ್ಕೆ ಎಂಬ ಬಗ್ಗೆ ಮಾರ್ಗಸೂಚಿಗಳಲ್ಲಿ ಒಮ್ಮತವಿದೆ. 10ರಿಂದ 20ರ ನಡುವೆ ಎರಡಕ್ಕೂ ಜಾಗವಿದೆ. ಆರ್‌ಐಆರ್‌ಎಸ್‌ನಲ್ಲಿ ಬೆನ್ನಿಗೆ ರಂಧ್ರವಿಲ್ಲ, ರಕ್ತಸ್ರಾವ ಕಡಿಮೆ, ಬೇಗ ಮನೆಗೆ ಹೋಗಬಹುದು. ಮಿನಿ ಪಿಸಿಎನ್‌ಎಲ್‌ನಲ್ಲಿ ಒಂದೇ ಸಲಕ್ಕೆ ಪೂರ್ತಿ ಮುಗಿಯುವ ಸಾಧ್ಯತೆ ಹೆಚ್ಚು, ಆದರೆ ರಕ್ತಸ್ರಾವದ ಅಪಾಯ ಅದರದೇ. ಈ ಬಟ್ಟಲಿನ ರಚನೆ ನೋಡಿದರೆ ತಕ್ಕಡಿ ಮಿನಿ ಪಿಸಿಎನ್‌ಎಲ್ ಕಡೆಗೇ ವಾಲುತ್ತಿತ್ತು. ರೋಗಿ ಮಾತ್ರ ಬೆನ್ನಿಗೆ ತೂತು ಬೇಡವೆಂದರು. ದಿನಗೂಲಿ, ಬೇಗ ಸ್ಟೇರಿಂಗ್ ಹಿಡಿಯಬೇಕು. ಅದು ಸಣ್ಣ ಕಾರಣವಲ್ಲ. ಆರ್‌ಐಆರ್‌ಎಸ್ ಎಂದು ನಿರ್ಧಾರವಾಯಿತು.

ಒಪ್ಪಿಗೆ ಪತ್ರದಲ್ಲಿ ಎರಡು ಸಾಲು ಸ್ಪಷ್ಟವಾಗಿ ಬರೆಸಲಾಯಿತು. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ಬಿಗಿಯಾಗಿದ್ದರೆ ಅಂದು ಡಿಜೆ ಸ್ಟೆಂಟ್ (ಆ ನಾಳದೊಳಗೆ ಬಿಡುವ ತೆಳು ಕೊಳವೆ) ಮಾತ್ರ ಹಾಕಿ, ಎರಡು ವಾರ ಬಿಟ್ಟು ಮತ್ತೆ ಪ್ರಯತ್ನ. ರೋಗಿಯನ್ನು ಎಚ್ಚರದಲ್ಲಿ ಕೇಳದೆ ಬೆನ್ನಿನಿಂದ ರಂಧ್ರ ಮಾಡುವಂತಿಲ್ಲ.

ಮೊದಲ ದಿನ: ಮೇಲೇರದ ಶೀತ್

ಪೂರ್ತಿ ಅರಿವಳಿಕೆ. ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ಸ್ಕೋಪ್ ಹಾಕಿ ನೋಡುವುದು) ಮಾಡಿ ಎಡ ಮೂತ್ರನಾಳದ ಬಾಯಿಯಿಂದ ಜಾರುವ ಲೇಪನದ 0.035 ಇಂಚಿನ ಗೈಡ್‌ವೈರ್ ಕಿಡ್ನಿಗೆ ಹೋಯಿತು. ಅರೆಗಟ್ಟಿ ಯೂರೆಟೆರೋಸ್ಕೋಪ್‌ನಿಂದ ನಾಳವನ್ನು ನೋಡುತ್ತ ಹೋದಾಗ ಮಧ್ಯಭಾಗ ಬಿಗಿಯಾಗಿತ್ತು. ವೈರ್ ಮೇಲೆ 10/12 ಫ್ರೆಂಚ್‌ನ 45 ಸೆಂ.ಮೀ. ಆಕ್ಸೆಸ್ ಶೀತ್ (ಸ್ಕೋಪ್ ಹೋಗಿಬರಲು ಕೂರಿಸುವ ಕೊಳವೆ) ಏರಿಸುವಾಗ ಅದು ಸೊಂಟದ ಮೂಳೆಗಿಂತ ಸ್ವಲ್ಪ ಮೇಲೆ ನಿಂತುಬಿಟ್ಟಿತು. ಒಳಗಿನ ಡೈಲೇಟರ್ ಒಂದನ್ನೇ ಹಾಯಿಸಿ ನೋಡಿದರೂ ಅದೇ ಜಾಗದಲ್ಲಿ ತಡೆ.

ಇಲ್ಲಿ ಕೈಯ ಬಲ ಹಾಕಬಾರದು. ಶೀತ್‌ನಿಂದ ಮೂತ್ರನಾಳಕ್ಕಾಗುವ ಗಾಯಗಳನ್ನು ಟ್ರಾಕ್ಸರ್ ಮತ್ತು ಥಾಮಸ್ 2013ರಲ್ಲಿ ವರ್ಗೀಕರಿಸಿದಾಗ, ಶೀತ್ ಹಾಕಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಏನಾದರೊಂದು ಗಾಯ ಕಂಡಿತ್ತು, ಸುಮಾರು 13% ಜನರಲ್ಲಿ ಸ್ನಾಯುಪದರದವರೆಗೆ. ಮೊದಲೇ ಸ್ಟೆಂಟ್ ಇದ್ದವರಲ್ಲಿ ಆಳದ ಗಾಯ ತೀರಾ ಕಡಿಮೆ. ಸ್ನಾಯು ಹರಿದ ನಾಳ ಮಾಯುವಾಗ ಕುಗ್ಗಿ ಕಟ್ಟಿಕೊಂಡರೆ, ಕಲ್ಲಿಗಿಂತ ದೊಡ್ಡ ಕಾಯಿಲೆ ತಂದಿಟ್ಟಂತಾಗುತ್ತದೆ. ಶೀತ್ ಇಲ್ಲದೆ ಬಾಗುವ ಸ್ಕೋಪನ್ನೇ ವೈರ್ ಮೇಲೆ ಏರಿಸುವ ದಾರಿಯೂ ಇದೆ. ಆದರೆ ಶೀತ್ ಇಲ್ಲದಿದ್ದರೆ ಹಾಯಿಸಿದ ನೀರು ಹೊರಬರಲು ಜಾಗವಿರದೆ ಕಿಡ್ನಿಯೊಳಗೆ ಒತ್ತಡ ಏರುತ್ತದೆ. 17 ಮಿ.ಮೀ. ಗಟ್ಟಿ ಕಲ್ಲನ್ನು ಒಂದು ಗಂಟೆ ಲೇಸರ್ ಮಾಡಬೇಕಾದ ಕಡೆ, ಅದರಲ್ಲೂ ಇತ್ತೀಚೆಗೆ ಸೋಂಕಾಗಿದ್ದವರಲ್ಲಿ, ಅದು ಬೇಡ.

6 ಫ್ರೆಂಚ್, 26 ಸೆಂ.ಮೀ. ಡಿಜೆ ಸ್ಟೆಂಟ್ ಹಾಕಿ ಅಲ್ಲಿಗೇ ನಿಲ್ಲಿಸಲಾಯಿತು.

ಥಿಯೇಟರ್ ಹೊರಗೆ ಕಾದಿದ್ದ ಮನೆಯವರ ಪ್ರಶ್ನೆ ನಿರೀಕ್ಷಿತವೇ: ‘ಆಪರೇಷನ್ ಆಗ್ಯಾದ ಅಂತೀರಿ, ಕಲ್ಲು ಒಳಗೇ ಅದ ಅಂತೀರಿ, ಹೆಂಗ್ರಿ ಇದು?’ ಮೊದಲೇ ಬರೆಸಿದ್ದ ಆ ಸಾಲನ್ನು ತೋರಿಸಿ, ಎಕ್ಸ್-ರೇ ಚಿತ್ರದಲ್ಲಿ ಶೀತ್ ನಿಂತ ಜಾಗ ತೋರಿಸಿ ಹೇಳಿದಾಗ ಸಿಟ್ಟು ಇಳಿಯಿತು. ಹಿಂದಿನ ದಿನ ಹೇಳದೆ ಅಂದೇ ಮೊದಲ ಬಾರಿಗೆ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ, ನಂಬದಿರುವುದು ಸಹಜವೂ ಹೌದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಯಡಿ ಅಥವಾ ವಿಮೆಯಲ್ಲಿ ಬರುವವರು ಈ ಹಂತದಲ್ಲಿ ಇನ್ನೊಂದನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು: ಅನುಮತಿ ಸಿಕ್ಕಿರುವುದು ಯಾವ ಶಸ್ತ್ರಚಿಕಿತ್ಸೆಗೆ, ಅದು ಎರಡು ಕಂತಾದರೆ ಅಥವಾ ಬೇರೆಯದಕ್ಕೆ ಬದಲಾದರೆ ಹೊಸ ಅನುಮತಿ ಬೇಕೇ.

ನಡುವಿನ ಎರಡು ವಾರ

ಸ್ಟೆಂಟ್ ಇದ್ದಷ್ಟು ದಿನ ಮೂತ್ರನಾಳ ತಾನಾಗಿ ಸಡಿಲಗೊಳ್ಳುತ್ತದೆ. ಒಂದೆರಡು ವಾರ ಸಾಕು. ರೋಗಿಗೆ ಮಾತ್ರ ಆ ದಿನಗಳು ಹಿಂಸೆ. ಮೂತ್ರ ಹೊಯ್ಯುವಾಗ ಪಕ್ಕೆಗೆ ಚುಚ್ಚಿದಂತಾಗುವುದು, ಗಂಟೆಗೊಮ್ಮೆ ಅವಸರ, ನಡೆದರೆ ಕೆಂಪು ಮೂತ್ರ. ಮೂತ್ರ ಹೊಯ್ಯುವಾಗಿನ ಒತ್ತಡ ಸ್ಟೆಂಟ್ ಮೂಲಕ ನೇರ ಕಿಡ್ನಿಗೆ ಏರುವುದೇ ಆ ಪಕ್ಕೆನೋವಿಗೆ ಕಾರಣ. ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ರಾತ್ರಿಗೊಂದು, ನೋವಿನ ಮಾತ್ರೆ, ಧಾರಾಳ ನೀರು ಇಷ್ಟರಿಂದ ಸ್ವಲ್ಪ ಹದಕ್ಕೆ ಬಂತು. ಲಾರಿ ಓಡಿಸಲಾಗಲಿಲ್ಲ. ಬೇಗ ಕೆಲಸಕ್ಕೆ ಮರಳಬೇಕೆಂದು ಆರಿಸಿದ ವಿಧಾನದಲ್ಲೇ ಹದಿನೈದು ದಿನದ ದುಡಿಮೆ ಹೋಯಿತು.

ಪ್ರಕರಣದ ತಿರುವು ಇಲ್ಲಿದೆ. ಎರಡನೇ ಸಲ ಮತ್ತೆ ಆರ್‌ಐಆರ್‌ಎಸ್ ಮಾಡುವುದೇ ರೂಢಿ, ನಾಳ ಈಗ ಸಡಿಲವಾಗಿದೆ. ತಂಡ ಹಾಗೆ ಮುಂದುವರಿಯದೆ ಲೆಕ್ಕವನ್ನು ಮೊದಲಿನಿಂದ ಹಾಕಿತು. ಶೀತ್ ಏರುತ್ತದೆ, ಸರಿ. ಆಮೇಲೆ? 35 ಡಿಗ್ರಿ ತಿರುವಿನಲ್ಲಿ ಸ್ಕೋಪ್ ಪೂರ್ತಿ ಬಾಗಬೇಕು. ಲೇಸರ್ ಫೈಬರ್ ಒಳಗೆ ಹಾಕಿದೊಡನೆ ಅದರ ಬಾಗುವಿಕೆ ಕುಗ್ಗುತ್ತದೆ. ಸಾಮಾನ್ಯವಾಗಿ ಕೆಳಬಟ್ಟಲಿನ ಕಲ್ಲನ್ನು ಬಾಸ್ಕೆಟ್ ಎಂಬ ಪುಟ್ಟ ತಂತಿಬುಟ್ಟಿಯಲ್ಲಿ ಹಿಡಿದು ಮೇಲಿನ ಬಟ್ಟಲಿಗೆ ಸಾಗಿಸಿ ಅಲ್ಲಿ ಒಡೆಯುತ್ತಾರೆ. 17 ಮಿ.ಮೀ. ಕಲ್ಲು 4 ಮಿ.ಮೀ. ಕತ್ತಿನಲ್ಲಿ ಹಾಯುವುದಿಲ್ಲ, ಆದ್ದರಿಂದ ಇದ್ದಲ್ಲೇ ಒಡೆಯಬೇಕು. ಒಡೆದ ಧೂಳು ಅದೇ ಇಕ್ಕಟ್ಟಿನಲ್ಲಿ ಉಳಿಯುತ್ತದೆ, 2009ರಲ್ಲಿ ಉಳಿದ ಹಾಗೆಯೇ. ಮೂರನೇ ಅರಿವಳಿಕೆಯ ಸಾಧ್ಯತೆ ಕಡಿಮೆಯೇನಿರಲಿಲ್ಲ. ತುದಿ ಬಾಗುವ, ಹೀರುವ ಸೌಲಭ್ಯದ ಹೊಸ ಶೀತ್‌ಗಳು ಈ ಲೆಕ್ಕವನ್ನು ಬದಲಿಸುತ್ತಿವೆ. ಧೂಳನ್ನು ಹೀರಿಕೊಳ್ಳುತ್ತವೆ, ಒಳಗಿನ ಒತ್ತಡವನ್ನೂ ತಗ್ಗಿಸುತ್ತವೆ. ಆದರೆ ಆ ಶೀತ್‌ನ ತುದಿ ಕೂಡ 4 ಮಿ.ಮೀ. ಅಗಲ, 32 ಮಿ.ಮೀ. ಉದ್ದದ ಕತ್ತನ್ನು ದಾಟಬೇಕಲ್ಲ.

ಬೆನ್ನಿನಿಂದ ನೇರ ಆ ಬಟ್ಟಲಿಗೇ ಹೋದರೆ ಕೋನವೂ ಕತ್ತೂ ಲೆಕ್ಕಕ್ಕೇ ಬರುವುದಿಲ್ಲ. ಮೊದಲ ಸಲ ರೋಗಿಯ ಮುಂದಿದ್ದ ಪ್ರಶ್ನೆ ‘ತೂತು ಬೇಕೋ ಬೇಡವೋ’. ಈಗಿನ ಪ್ರಶ್ನೆ ‘ಇನ್ನೊಂದೇ ಸಲಕ್ಕೆ ಮುಗಿಯುವ ಸಾಧ್ಯತೆ ಯಾವುದರಲ್ಲಿ ಹೆಚ್ಚು’. ಹಾಗೆ ಕೇಳಿದಾಗ ಅವರು ಮಿನಿ ಪಿಸಿಎನ್‌ಎಲ್ ಒಪ್ಪಿದರು. ಕೆಳಬಟ್ಟಲಿನ ಕಲ್ಲಿರುವ ಎಲ್ಲರಿಗೂ ಮೊದಲ ಭೇಟಿಯಲ್ಲೇ ಈ ಎರಡನೆಯ ಪ್ರಶ್ನೆಯನ್ನು ಇಡಬೇಕು. ತೂತಿನ ಭಯ ಕಣ್ಣಿಗೆ ಕಾಣುತ್ತದೆ. ಎರಡು ಅರಿವಳಿಕೆ, ಹದಿನೈದು ದಿನದ ಸ್ಟೆಂಟ್ ಯಾರಾದರೂ ಹೇಳದ ಹೊರತು ಕಾಣುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಐದು ದಿನ ಮುಂಚೆ ಮತ್ತೆ ಮೂತ್ರದ ಕಲ್ಚರ್: ಸೋಂಕಿಲ್ಲ.

ಎರಡನೇ ದಿನ: ಮಿನಿ ಪಿಸಿಎನ್‌ಎಲ್

ಸ್ಟೆಂಟ್ ಹಾಕಿದ 16ನೇ ದಿನ. ಮೊದಲು ಮಲಗಿಸಿ ಕಾಲೆತ್ತಿದ ಭಂಗಿಯಲ್ಲಿ ಡಿಜೆ ತೆಗೆದು, ಅದರ ಜಾಗದಲ್ಲಿ 6 ಫ್ರೆಂಚ್ ಯೂರೆಟೆರಿಕ್ ಕ್ಯಾಥೆಟರ್ ಕಿಡ್ನಿಯವರೆಗೆ ಏರಿಸಿ, ಮೂತ್ರಕೋಶದ ಫೋಲಿ ಕ್ಯಾಥೆಟರ್‌ಗೆ ಕಟ್ಟಲಾಯಿತು. ಆಮೇಲೆ ಎದೆ, ಸೊಂಟದ ಕೆಳಗೆ ಮೆತ್ತೆ ಕೊಟ್ಟು ಬೋರಲು ಮಲಗಿಸಲಾಯಿತು. ಅಂಗಾತ ಮಲಗಿಸಿಯೇ ಮಾಡುವ ವಿಧಾನವೂ ಇದೆ. ಅದರಲ್ಲಿ ಕೆಳಗಿನಿಂದ ಸ್ಕೋಪ್, ಪಕ್ಕೆಯಿಂದ ರಂಧ್ರ ಎರಡನ್ನೂ ಒಟ್ಟಿಗೆ ಬಳಸಬಹುದು, ರೋಗಿ ಮೊದಲೇ ಒಪ್ಪಿದ್ದರೆ ಒಂದೇ ದಿನದಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗಬಹುದು.

ಕ್ಯಾಥೆಟರ್ ಮೂಲಕ ತೆಳುಗೊಳಿಸಿದ ಕಾಂಟ್ರಾಸ್ಟ್ ಬಿಟ್ಟು ಬಟ್ಟಲುಗಳನ್ನು ಸಿ-ಆರ್ಮ್ ಎಕ್ಸ್-ರೇ ಯಂತ್ರದಲ್ಲಿ ನೋಡಿ, 12ನೇ ಪಕ್ಕೆಲುಬಿನ ಕೆಳಗಿನಿಂದ 18 ಗೇಜ್ ಸೂಜಿಯನ್ನು ಹಿಂಬದಿಯ ಕೆಳಬಟ್ಟಲಿನ ತುದಿಗೆ ಇಳಿಸಲಾಯಿತು. ತುದಿಗೇ ಇಳಿಯಬೇಕು, ಕತ್ತಿಗಲ್ಲ. ಕತ್ತಿನ ಪಕ್ಕದಲ್ಲೇ ದೊಡ್ಡ ರಕ್ತನಾಳಗಳು ಹಾದುಹೋಗುತ್ತವೆ. ಪಿಸಿಎನ್‌ಎಲ್‌ನಲ್ಲಿ ವಿಪರೀತ ರಕ್ತ ಹೋಗುವುದಕ್ಕೆ ತಪ್ಪು ಜಾಗದ ಚುಚ್ಚುವಿಕೆ ಮುಖ್ಯ ಕಾರಣ. ಒಳಗಿನ ಕಡ್ಡಿ ತೆಗೆದಾಗ ಸೂಜಿಯಿಂದ ತಿಳಿ ಮೂತ್ರ ಬಂತು. ವೈರ್ ಹಾಕಿ, ಚರ್ಮವನ್ನು 7 ಮಿ.ಮೀ. ಸೀಳಿ, ಒಂದೇ ಡೈಲೇಟರ್‌ನಲ್ಲಿ ದಾರಿ ಅಗಲಿಸಿ 17.5 ಫ್ರೆಂಚ್ ಶೀತ್ ಕೂರಿಸಲಾಯಿತು. ಸುಮಾರು 6 ಮಿ.ಮೀ. ದಾರಿ. ಹಳೆಯ ಮಾದರಿಯಲ್ಲಾದರೆ ಇದು 24ರಿಂದ 30 ಫ್ರೆಂಚ್.

12 ಫ್ರೆಂಚ್ ನೆಫ್ರೋಸ್ಕೋಪ್ ಒಳಗೆ ಹೋದಾಗ ಎದುರಿಗೇ ಕಲ್ಲು, ಕಂದು ಬಣ್ಣದ್ದು, ಮೇಲ್ಮೈ ನುಣುಪು. ಹೋಲ್ಮಿಯಂ ಲೇಸರ್ 1.2 ಜೌಲ್, 10 ಹರ್ಟ್ಜ್. ಧೂಳು ಮಾಡುವ ಸೆಟ್ಟಿಂಗ್ (0.3–0.5 ಜೌಲ್, ಹೆಚ್ಚು ಹರ್ಟ್ಜ್) ಇಲ್ಲಿ ಬೇಡ. ಶೀತ್‌ನಲ್ಲಿ ಹೊರಬರುವ ಗಾತ್ರದ 3–4 ಮಿ.ಮೀ. ತುಂಡುಗಳೇ ಬೇಕು. ಸ್ಕೋಪನ್ನು ನಿಧಾನಕ್ಕೆ ಹಿಂದೆಳೆದಾಗ ನೀರಿನ ಸುಳಿಯಲ್ಲಿ ತುಂಡುಗಳು ತಾವಾಗಿ ಶೀತ್‌ನೊಳಗೆ ಬರುತ್ತವೆ, ಬಾಸ್ಕೆಟ್ ಬೇಕಾಗುವುದು ಅಪರೂಪ. ಬಳಸಿದ್ದು ಬೆಚ್ಚಗಿನ 0.9% ಸಲೈನ್. ಬರೀ ನೀರು ಅಥವಾ ಗ್ಲೈಸಿನ್ ರಕ್ತಕ್ಕೆ ಹೀರಿಕೊಂಡರೆ ಸೋಡಿಯಂ ಕುಸಿಯುತ್ತದೆ. ಮೊದಲ ತುಂಡನ್ನು ಬೇರೆಯಾಗಿ, ಸೋಂಕು ತಗಲದ ಬಾಟಲಿಯಲ್ಲಿ ಕಲ್ಚರ್‌ಗೆ ಕಳಿಸಲಾಯಿತು. ಮುಂದೆ ಕೈಹಿಡಿದದ್ದು ಇದೇ.

ಕೊನೆಗೆ ಬಾಗುವ ಸ್ಕೋಪ್‌ನಿಂದ ಎಲ್ಲ ಬಟ್ಟಲುಗಳನ್ನೂ ನೋಡಿ, ಹೊಸ ಡಿಜೆ ಹಾಕಿ, ಬೆನ್ನಿನಲ್ಲಿ ಕೊಳವೆ ಬಿಡದೆ ಮುಗಿಸಲಾಯಿತು. ಚುಚ್ಚುವುದರಿಂದ ಮುಗಿಸುವವರೆಗೆ 70 ನಿಮಿಷ.

ಆ ರಾತ್ರಿಯ ಜ್ವರ

ಆರು ಗಂಟೆ ಕಳೆದ ಮೇಲೆ ಚಳಿ, 38.6 ಡಿಗ್ರಿ ಜ್ವರ, ನಾಡಿ 116. ರಕ್ತದೊತ್ತಡ 100ರ ಮೇಲೇ ಇತ್ತು. ಆಪರೇಷನ್ ಆದಮೇಲೆ ಜ್ವರ ಬರುವುದೇ ಎಂದು ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯುವುದು ಇಲ್ಲಿ ಆಗಬಹುದಾದ ದೊಡ್ಡ ಎಡವಟ್ಟು. ಕೂಡಲೇ ರಕ್ತದ ಕಲ್ಚರ್, ಲ್ಯಾಕ್ಟೇಟ್ ಪರೀಕ್ಷೆ, ಗಂಟೆಗಂಟೆಗೆ ಮೂತ್ರದ ಅಳತೆ, ಡ್ರಿಪ್, ಹೆಚ್ಚು ವ್ಯಾಪ್ತಿಯ ಆಂಟಿಬಯಾಟಿಕ್. ಎರಡನೇ ದಿನ ಕಲ್ಲಿನ ಕಲ್ಚರ್ ವರದಿ ಬಂತು. ಸಾಮಾನ್ಯ ಆಂಟಿಬಯಾಟಿಕ್‌ಗೆ ಬಗ್ಗದ ಇ. ಕೊಲೈ. ಅದಕ್ಕೆ ತಕ್ಕಂತೆ ಔಷಧ ಬದಲಾಯಿತು, ಮುಂದಿನ 24 ಗಂಟೆಯಲ್ಲಿ ಜ್ವರ ಇಳಿಯಿತು.

ಮೂತ್ರ ಶುದ್ಧವಿದ್ದೂ ಜ್ವರ ಬಂದದ್ದು ವಿಚಿತ್ರವೇನಲ್ಲ. ಆಂಟಿಬಯಾಟಿಕ್ ಮೂತ್ರವನ್ನು ತಲುಪುತ್ತದೆ, ಕಲ್ಲಿನ ಒಡಲನ್ನು ತಲುಪುವುದಿಲ್ಲ. ಅಲ್ಲಿ ಅಡಗಿದ್ದ ರೋಗಾಣು ಕಲ್ಲು ಒಡೆದಾಗ ಹೊರಬೀಳುತ್ತದೆ. ಎರಡು ವಾರ ಒಳಗಿದ್ದ ಸ್ಟೆಂಟ್ ಕೂಡ ರೋಗಾಣುಗಳಿಗೆ ನೆಲೆ. ಎರಡು ಕಂತಿನ ಚಿಕಿತ್ಸೆಯ ಬೆಲೆಯಲ್ಲಿ ಇದನ್ನೂ ಸೇರಿಸಿ ನೋಡಬೇಕು. ಹಿಮೋಗ್ಲೋಬಿನ್ 12.4ಕ್ಕೆ ಇಳಿಯಿತು, ರಕ್ತ ಕೊಡಬೇಕಾಗಲಿಲ್ಲ. ಎರಡು ದಿನಕ್ಕೆ ಹೋಗಬೇಕಾದವರು ಐದನೇ ದಿನ ಮನೆಗೆ ಹೋದರು.

ಹೋಗುವಾಗ ಕೊಟ್ಟ ಎಚ್ಚರಿಕೆ: ಮೂರು ವಾರ ಭಾರ ಎತ್ತುವಂತಿಲ್ಲ, ಲಾರಿ ಓಡಿಸುವಂತಿಲ್ಲ. ರಂಧ್ರದ ದಾರಿಯಲ್ಲಿ ಗಾಯಗೊಂಡ ಅಪಧಮನಿ ಗುಳ್ಳೆಯಾಗಿ ಉಬ್ಬಿ ಒಂದೆರಡು ವಾರದ ಮೇಲೆ ಒಡೆಯುವುದುಂಟು. ಗಟ್ಟಿ ಗಡ್ಡೆಗಳ ಜೊತೆ ಕಡುಗೆಂಪು ಮೂತ್ರ ಬಂದರೆ ರಾತ್ರಿಯೆನ್ನದೆ ಬರಬೇಕು, ಆಂಜಿಯೋಗ್ರಫಿ ಮಾಡಿ ಆ ನಾಳವೊಂದನ್ನೇ ಮುಚ್ಚಬಹುದು. ಇವರಿಗೆ ಹಾಗಾಗಲಿಲ್ಲ. ಹತ್ತನೇ ದಿನ ಜೆಲ್ಲಿ ಹಾಕಿ, ಅರಿವಳಿಕೆಯಿಲ್ಲದೆ ಡಿಜೆ ತೆಗೆಯಲಾಯಿತು. ಡಿಜೆ ಹಾಕಿದ ದಿನವೇ ತೆಗೆಯುವ ದಿನವನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆದು ಮನೆಯವರ ಕೈಗೂ ಕೊಡಬೇಕು. ನೋವು ಹೋಯಿತೆಂದು ವರ್ಷಗಟ್ಟಲೆ ಮರೆತವರ ಸ್ಟೆಂಟ್ ಸುತ್ತ ಕಲ್ಲು ಕಟ್ಟಿ, ಅದನ್ನು ತೆಗೆಯಲು ಮೊದಲಿಗಿಂತ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಕಲ್ಲು ಹೇಳಿದ್ದು, ಮುಂದಿನ ಯೋಜನೆ

ಆರು ವಾರಕ್ಕೆ ಮಾಡಿದ ಸಿಟಿಯಲ್ಲಿ ಎಡ ಕಿಡ್ನಿ ಖಾಲಿ. ಕಲ್ಲಿನ ವಿಶ್ಲೇಷಣೆಯಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್ ಮೊನೋಹೈಡ್ರೇಟ್, ಸ್ವಲ್ಪ ಅಪಟೈಟ್ (ಕ್ಯಾಲ್ಸಿಯಂ ಫಾಸ್ಫೇಟ್). 24 ಗಂಟೆಯ ಮೂತ್ರ 1,050 ಮಿ.ಲೀ., ಸೋಡಿಯಂ 240 ಮಿಲಿಮೋಲ್, ಕಲ್ಲು ಕಟ್ಟದಂತೆ ತಡೆಯುವ ಸಿಟ್ರೇಟ್ ಬರೀ 210 ಮಿ.ಗ್ರಾಂ. ಈ ಸೋಡಿಯಂ ಅಂದರೆ ದಿನಕ್ಕೆ ಸುಮಾರು 14 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ. ಉಪ್ಪು ಹೆಚ್ಚಾದಂತೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಡಾಬಾದ ಊಟ, ಮಿರ್ಚಿ-ಮಂಡಕ್ಕಿ, ಉಪ್ಪಿನಕಾಯಿ ಇದಕ್ಕೆ ಮೂಲ. ಮೊಸರು-ಮಜ್ಜಿಗೆ ಬಿಟ್ಟಿದ್ದರು, ಕ್ಯಾಲ್ಸಿಯಂ ಎಂದರೆ ಕಲ್ಲು ಎಂಬ ಭಯಕ್ಕೆ. ಅದು ತಿರುವುಮುರುವು. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಹಾಕುತ್ತದೆ. ಮಜ್ಜಿಗೆ ಮತ್ತೆ ಶುರುವಾಯಿತು, ಉಪ್ಪು ಹಾಕದೆ. ಟೊಮೆಟೊ ಬಿಡಬೇಕಾಗಿಲ್ಲ, ಅದರಲ್ಲಿ ಆಕ್ಸಲೇಟ್ ಕಡಿಮೆ. ಪಾಲಕ್ ಸೊಪ್ಪು ಮಾತ್ರ ಅಪರೂಪಕ್ಕೆ. ಜೊತೆಗೆ ಪೊಟ್ಯಾಸಿಯಂ ಸಿಟ್ರೇಟ್, ರಕ್ತದ ಪೊಟ್ಯಾಸಿಯಂ ನೋಡಿಕೊಂಡು.

ನೀರಿನ ಗುರಿಯನ್ನು ಕುಡಿದ ಲೀಟರ್‌ನಲ್ಲಿ ಹೇಳಿದರೆ ಚಾಲಕರಿಗೆ ಉಪಯೋಗವಿಲ್ಲ, ಬೆವರಿನಲ್ಲಿ ಹೋಗುವುದೆಷ್ಟೆಂದು ಗೊತ್ತಾಗುವುದಿಲ್ಲ. ಗುರಿ ಹೊರಬರುವ ಮೂತ್ರದ್ದು: ದಿನಕ್ಕೆ 2.5 ಲೀಟರ್, ಬಣ್ಣ ಒಣಹುಲ್ಲಿನಂಥ ತಿಳಿ ಹಳದಿ. ಡೀಸೆಲ್‌ಗೆ ನಿಲ್ಲುವಲ್ಲೆಲ್ಲ ಕುಡಿಯುವುದು, ಹೊಯ್ಯುವುದು. ಮೂರು ತಿಂಗಳಿಗೆ ಮೂತ್ರ 2,200 ಮಿ.ಲೀ.ಗೆ ಏರಿತ್ತು, ಸೋಡಿಯಂ 155ಕ್ಕೆ ಇಳಿದಿತ್ತು.

ಬಲಗಡೆಯ 4 ಮಿ.ಮೀ. ಕಲ್ಲಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್. ಬೆಳೆದರೆ, ನೋವು ಅಥವಾ ಸೋಂಕು ಕೊಟ್ಟರೆ ಅಲ್ಲಿ ಆರ್‌ಐಆರ್‌ಎಸ್ ಹೊಂದುತ್ತದೆ, ಮೇಲಿನ ಬಟ್ಟಲಿಗೆ ಸ್ಕೋಪ್ ನೇರ ಹೋಗುತ್ತದೆ. ಬಲ ಮೂತ್ರನಾಳವೂ ಎಡದಷ್ಟೇ ಬಿಗಿಯಾಗಿರಬಹುದು ಎಂಬುದನ್ನು, ಹಿಂದಿನ ಸಲ ಶೀತ್ ನಿಂತ ಜಾಗವನ್ನು, ಕಲ್ಲಿನಲ್ಲಿ ಬೆಳೆದ ರೋಗಾಣುವಿನ ಹೆಸರನ್ನು, ಅದಕ್ಕೆ ಹೊಂದಿದ ಔಷಧವನ್ನು ಅವರ ಡಿಸ್ಚಾರ್ಜ್ ಸಾರಾಂಶದ ಮೊದಲ ಪುಟದಲ್ಲೇ ಬರೆದು ಕೊಡಲಾಗಿದೆ.